ಅಪ್ಪನ ಮನೆ, ತೋಟ: ದಾನಪತ್ರ ಮಾಡಿಸೋದಾ, ವಿಲ್ ಬರೆಸೋದಾ? ಈ ಟ್ರಸ್ಟ್ ಅಂತಾರಲ್ಲ, ಅದೇನು?

ತುಮಕೂರ್_ಎಕ್ಸ್‌ಪ್ರೆಸ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ. ಅಪ್ಪಂಗೆ 74, ರಿಟೈರ್ಡ್ ಸರ್ಕಾರಿ ನೌಕರರು. ಅಮ್ಮ ಇಲ್ಲ. ನಾವು ಮೂರು ಜನ ಮಕ್ಕಳು, ಅಣ್ಣ ತುಮಕೂರಲ್ಲೇ ಅಪ್ಪನ ಜೊತೆ ಇದಾನೆ, ಅಕ್ಕನ್ನ ಹಾಸನಕ್ಕೆ ಕೊಟ್ಟಿದೆ, ನಾನು ನ್ಯೂಜೆರ್ಸಿಲಿ ಇದೀನಿ, ಪಾಸ್‌ಪೋರ್ಟ್ ಇನ್ನೂ ಇಂಡಿಯಾದ್ದೇ. ಆಸ್ತಿ ಅಂದ್ರೆ ಅಪ್ಪ ಸಂಬಳದಲ್ಲಿ ಸೈಟ್ ತಗೊಂಡು ಕಟ್ಟಿಸಿದ ಮನೆ, ಗುಬ್ಬಿ ಕಡೆ ಊರಲ್ಲಿ 3 ಎಕರೆ ತೆಂಗಿನ ತೋಟ, ಬ್ಯಾಂಕಲ್ಲಿ ಒಂದಷ್ಟು ಎಫ್‌ಡಿ, ಅಷ್ಟೇ.

ಅಣ್ಣ ಈಗ ಏನಂತಾನೆ ಅಂದ್ರೆ, ಅಪ್ಪ ಗಟ್ಟಿಮುಟ್ಟಾಗಿರುವಾಗ್ಲೇ ಎಲ್ಲಾನೂ ದಾನಪತ್ರ ಮಾಡಿಸಿಬಿಡೋಣ, ಮನೆಯೊಳಗಿನವರಿಗೆ ಸ್ಟ್ಯಾಂಪ್ ಡ್ಯೂಟಿ ಜುಜುಬಿ, ಆಮೇಲೆ ಯಾರೂ ಅಲೆಯೋ ಹಂಗಿಲ್ಲ ಅಂತ. ಅಪ್ಪಂಗೆ ವಿಲ್ ಬರೆಯೋ ಮನಸ್ಸು. ಆದ್ರೆ ವಿಲ್ ಅಂದ ತಕ್ಷಣ ಅತ್ತಿಗೆ "ಯಾಕೆ ಮಾವ ಅಪಶಕುನದ ಮಾತು" ಅಂತ ಎದ್ದು ಒಳಗೆ ಹೋಗ್ತಾರೆ. ಈ ಮಧ್ಯೆ ಚಿಕ್ಕಪ್ಪ ಯಾವ್ದೋ ವಿಡಿಯೋ ನೋಡಿ "ಫ್ಯಾಮಿಲಿ ಟ್ರಸ್ಟ್ ಮಾಡಿ, ದೊಡ್ಡೋರೆಲ್ಲ ಅದೇ ಮಾಡೋದು" ಅಂತ ಶುರು ಹಚ್ಕೊಂಡಿದಾರೆ. ನಂಗೆ ಬೇಸಿಕ್ಕೇ ಗೊತ್ತಿಲ್ಲ. ಯಾವ್ದು ಮಾಡಿದ್ರೆ ಏನಾಗುತ್ತೆ, ಅನುಭವ ಇರೋರು ಹೇಳಿ.

ಸುಮ್ನೆ_ಓದೋನು
ವಿಲ್. ಚರ್ಚೆ ಮುಗೀತು, ಮುಂದಿನ ಪ್ರಶ್ನೆ.

ಅಡಿಕೆ_ಸಿಪ್ಪೆ
ಹಂಗೆ ಮುಗಿಯಲ್ಲ ಗುರು. ವಿಲ್ ಅಂದ್ರೆ ಬರೆದವರು ಹೋದ ಮೇಲೆ ತೆಗೆಯೋ ಕಾಗದ, ಆವಾಗ "ಇದು ಅಪ್ಪನ ಸಹಿ ಅಲ್ಲ", "ಅಪ್ಪಂಗೆ ಜ್ಞಾನ ಇರ್ಲಿಲ್ಲ, ಹೆಬ್ಬೆಟ್ಟು ಒತ್ತಿಸ್ಕೊಂಡಿದಾರೆ" ಅಂತ ಯಾರು ಬೇಕಾದ್ರೂ ಕೇಸ್ ಹಾಕ್ಬೋದು, ಉತ್ತರ ಹೇಳೋಕೆ ಬರೆದವರೇ ಇರಲ್ಲ. ನಮ್ಮೂರಲ್ಲಿ (ಸಾಗರ ತಾಲ್ಲೂಕು) ಎರಡು ಮನೆ ವಿಲ್ ಕೇಸಲ್ಲೇ ಹಾಳಾಯ್ತು, ತೋಟಕ್ಕೆ ಔಷಧಿ ಹೊಡೆಸೋಕೂ ಕೋರ್ಟಿನ ಸ್ಟೇ ಅಡ್ಡ ಬಂದು ಕೊಳೆ ರೋಗಕ್ಕೆ ಕಾಯೆಲ್ಲ ಉದುರಿಹೋಯ್ತು. ದಾನಪತ್ರ ಆದ್ರೆ ಅಪ್ಪನೇ ಬಂದು ಫೋಟೋ ಹೊಡೆಸ್ಕೊಂಡು ಸಹಿ ಹಾಕಿರ್ತಾರೆ. ನಿಮ್ಮಣ್ಣ ಹೇಳೋದ್ರಲ್ಲಿ ತಪ್ಪಿಲ್ಲ.

ಕಪ್ಪು_ಕೋಟು
ಮೈಸೂರಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡ್ತೀನಿ, ಹಾಗಾಗಿ ಸ್ವಲ್ಪ ಜಾಸ್ತಿ ಬರೀತೀನಿ.

ಮೊದಲು ವ್ಯತ್ಯಾಸ. ದಾನ ಅಂದ್ರೆ ದುಡ್ಡು ಕಾಸಿಲ್ಲದೆ ಇವತ್ತೇ ಕೊಟ್ಟುಬಿಡೋದು. ಸ್ಥಿರಾಸ್ತಿ ಆದ್ರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ ನೋಂದಣಿ ಆಗ್ಲೇಬೇಕು, ಇಬ್ಬರು ಸಾಕ್ಷಿ ಬೇಕು, ಕೊಡೋರು ಬದುಕಿರುವಾಗ್ಲೇ ತಗೊಳ್ಳೋರು ಒಪ್ಪಿಕೊಂಡಿರಬೇಕು. ಬಿಳಿ ಹಾಳೆ ಮೇಲೆ ಬರೆದು ನೋಟರಿ ಸೀಲ್ ಹೊಡೆಸಿದ್ರೆ ಅದು ದಾನ ಅಲ್ಲ, ರದ್ದಿ. ಒಂದ್ಸಲ ಸರಿಯಾಗಿ ನೋಂದಣಿ ಆದ್ಮೇಲೆ "ಮನಸ್ಸು ಬದಲಾಯ್ತು" ಅಂತ ವಾಪಸ್ ತಗೊಳ್ಳೋಕೆ ಆಗಲ್ಲ. ಮೋಸ, ಒತ್ತಾಯ ಅಂತ ರುಜುವಾತು ಮಾಡಬೇಕು, ಇಲ್ಲಾ ಪತ್ರದಲ್ಲೇ ಷರತ್ತು ಇರಬೇಕು.

ವಿಲ್ ಹಂಗಲ್ಲ. ಬರೆದವರು ಇರೋ ತನಕ ಅದಕ್ಕೆ ಜೀವ ಇಲ್ಲ, ಬೆಳಿಗ್ಗೆ ಬರೆದು ಸಂಜೆ ಹರಿದು ಹಾಕಿ ನಾಳೆ ಇನ್ನೊಂದು ಬರೀಬಹುದು, ಕೊನೇದೇ ಲೆಕ್ಕ. ಸ್ಟ್ಯಾಂಪ್ ಡ್ಯೂಟಿ ಇಲ್ಲ. ನೋಂದಣಿ ಕಡ್ಡಾಯ ಅಲ್ಲ, ಆದ್ರೆ ಮಾಡಿಸಿ. ಇಬ್ಬರು ಸಾಕ್ಷಿ ಮಾತ್ರ ಬೇಕೇ ಬೇಕು. ನಮ್ಮ ಕಡೆ ಹಿಂದೂಗಳ ವಿಲ್‌ಗೆ ಪ್ರೊಬೇಟ್ (ವಿಲ್ ಅಸಲಿ ಅಂತ ಕೋರ್ಟ್ ಕೊಡೋ ದೃಢೀಕರಣ) ಕಡ್ಡಾಯ ಇಲ್ಲ, ಬಾಂಬೆ ಕಥೆಗಳನ್ನ ಕೇಳಿ ಹೆದರಬೇಡಿ.

ಆದ್ರೆ ಇದೆಲ್ಲಕ್ಕಿಂತ ಮುಂಚಿನ ಪ್ರಶ್ನೆ ಬೇರೆ ಇದೆ, ಇಲ್ಲಿ ಯಾರೂ ಕೇಳಿಲ್ಲ. ತೋಟ ಅಪ್ಪಂಗೆ ಎಲ್ಲಿಂದ ಬಂತು? ಕೊಂಡಿದ್ದಾ, ಅಜ್ಜನಿಂದ ಬಂದಿದ್ದಾ, ಬಂದಿದ್ರೆ ಹೆಂಗೆ ಬಂತು? ಅದು ಗೊತ್ತಾಗದೆ ದಾನಾನೋ ವಿಲ್ಲೋ ಅನ್ನೋ ಚರ್ಚೆ ದಂಡ.

ಖಡಕ್_ರೊಟ್ಟಿ
ತುಮಕೂರಿನ ಅಣ್ಣಾರ, ನಾ ಹೇಳ್ತೀನಿ ಕೇಳ್ರಿ. ನಮ್ಮ ಸೋದರಮಾವಂದು ಗದಗದಾಗ ಛಲೋ ಮನಿ ಇತ್ತು. ಮಗಾ ಸೊಸಿ ಚಂದಂಗ ನೋಡ್ಕೋತಿದ್ರು, ಅಂವಾ ಖುಷ್ ಆಗಿ ಮಗನ ಹೆಸರಿಗೆ ದಾನಪತ್ರ ಮಾಡಿ ಕೊಟ್ಟ. ಖಾತೆ ಬದಲಿ ಆತು. ಒಂದು ದೀಪಾವಳಿ ದಾಟಿತು, ಎರಡನೇದಕ್ಕ ಅವರ ಕಾಟು ಹಿತ್ತಲ ಖೋಲಿಗೆ ಹೋತು. ಚಾ ಕೇಳಿದ್ರ "ಆಗ್ಲೇ ಕುಡದೀರಲ್ಲ" ಅಂತಿದ್ಲಂತ. ಮನಿ ನಿಮ್ದರೀ ಅಂತ ಯಾರಿಗೆ ಹೇಳಬೇಕು, ಕಾಗದದಾಗ ನಿಮ್ದ ಇಲ್ಲಲ್ಲ. ಕೈಯಾಗಿಂದು ಎಲ್ಲಾ ಕೊಟ್ಟು ಕೂಡಬ್ಯಾಡ್ರಿ ಅಂತ ನಿಮ್ಮ ಅಪ್ಪಾರಿಗೆ ಹೇಳ್ರಿ, ಇಷ್ಟ.

ಬೆಂಗ್ಳೂರ್_ಬಿಸಿ
ಎಲ್ಲಾ ಮಕ್ಕಳನ್ನೂ ಕಳ್ಳರ ಥರ ನೋಡೋದು ಒಂದು ಫ್ಯಾಷನ್ ಆಗಿದೆ. ಅಪ್ಪನ ಜೊತೆ ಇದ್ದು ಡಯಾಲಿಸಿಸ್ಸು, ಆಸ್ಪತ್ರೆ, ರಾತ್ರಿ ಎದ್ದು ಬಾತ್‌ರೂಮಿಗೆ ಕರ್ಕೊಂಡು ಹೋಗೋದು ಎಲ್ಲಾ ಮಾಡೋನು ಒಬ್ಬ, ಪಾಲು ಕೇಳೋಕೆ ಫ್ಲೈಟ್ ಹತ್ತಿ ಬರೋರು ಇಬ್ಬರು. ಅಣ್ಣಂಗೂ ಒಂದು ಭದ್ರತೆ ಬೇಡ್ವಾ?

ತುಮಕೂರ್_ಎಕ್ಸ್‌ಪ್ರೆಸ್
@ಬೆಂಗ್ಳೂರ್_ಬಿಸಿ ನಮ್ಮಪ್ಪಂಗೆ ಶುಗರ್ ಬಿಟ್ರೆ ಏನೂ ಇಲ್ಲ, ದಿನಾ ವಾಕಿಂಗ್ ಹೋಗ್ತಾರೆ 😀 ಆದ್ರೂ ನೀವು ಹೇಳೋದು ಒಪ್ತೀನಿ, ಅಣ್ಣನೇ ನೋಡ್ಕೊಳ್ತಿರೋದು. ಮನೆ ಅವನಿಗೆ ಹೋಗ್ಲಿ ಅಂತ ನಂಗೂ ಇದೆ, ಅಕ್ಕಂಗೂ ಇದೆ. ನಮ್ಮ ಭಯ ಅಪ್ಪನ ಬಗ್ಗೆ ಮಾತ್ರ.

@ಕಪ್ಪು_ಕೋಟು ಸರ್, ತೋಟ ಮುತ್ತಾತನ ಕಾಲದ್ದು. ಅಜ್ಜನಿಗೆ ಅವರಪ್ಪನಿಂದ ಬಂತು, 1988ರಲ್ಲಿ ಅಜ್ಜ, ಅಪ್ಪ, ಚಿಕ್ಕಪ್ಪ ಸೇರಿ ರಿಜಿಸ್ಟರ್ಡ್ ವಿಭಾಗಪತ್ರ ಮಾಡ್ಕೊಂಡ್ರು, ಅಪ್ಪನ ಪಾಲಿಗೆ ಈ 3 ಎಕರೆ ಬಂದಿದ್ದು. ಪಹಣಿ ಅಪ್ಪನ ಒಬ್ಬರ ಹೆಸರಲ್ಲೇ ಇದೆ.

ಕಪ್ಪು_ಕೋಟು
ಹಾಂ, ಇದೇ ಬೇಕಿತ್ತು. ಪಹಣಿಲಿ ಒಬ್ಬರ ಹೆಸರಿದ್ರೆ ಒಬ್ಬರದೇ ಆಸ್ತಿ ಅಂತ ಜನ ಅಂದ್ಕೊಳ್ತಾರೆ, ಅದು ಕಂದಾಯದ ದಾಖಲೆ ಅಷ್ಟೇ. ಪಿತ್ರಾರ್ಜಿತ ಆಸ್ತಿ ವಿಭಾಗ ಆಗಿ ಅಪ್ಪಂಗೆ ಬಂದಿದ್ರೆ, ಅವರ ಮಕ್ಕಳ ಮಟ್ಟಿಗೆ ಅದು ಪಿತ್ರಾರ್ಜಿತಾನೇ. ನೀವು ಮೂರೂ ಜನಕ್ಕೆ ಹುಟ್ಟಿನಿಂದಲೇ ಹಕ್ಕಿದೆ, ಅಕ್ಕನೂ ಸೇರಿ. ಅಪ್ಪಂದು ನಾಲ್ಕರಲ್ಲಿ ಒಂದು ಪಾಲು. (ಅಜ್ಜ ಸ್ವಂತ ದುಡ್ಡಲ್ಲಿ ಕೊಂಡು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ವಿಲ್ ಬರೀದೆ ತೀರಿಕೊಂಡು, ಆಮೇಲೆ ಅಪ್ಪಂಗೆ ಬಂದಿದ್ರೆ ಕಥೆನೇ ಬೇರೆ, ಆವಾಗ ಅದು ಅಪ್ಪನ ಸ್ವಂತದ್ದು. ಅದಕ್ಕೇ ಕೇಳಿದ್ದು.)

ಈಗ ತಮಾಷೆ ನೋಡಿ. ಮಕ್ಕಳ ಜೊತೆ ಇನ್ನೂ ವಿಭಾಗ ಆಗದ ಆ ಪಾಲನ್ನ ಅಪ್ಪ ಉಳಿದವರ ಒಪ್ಪಿಗೆ ಇಲ್ಲದೆ ದಾನ ಮಾಡೋ ಹಾಗಿಲ್ಲ, ಆದ್ರೆ ವಿಲ್ ಬರೀಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ. ಕೈಯಾರೆ ಕೊಡೋಕೆ ಬರಲ್ಲ, ಹೋದ ಮೇಲೆ ಕೊಡಬಹುದು. ದಾನ ಮಾಡೋದಾದ್ರೆ ಧರ್ಮಕಾರ್ಯಕ್ಕೆ ಅಂತ ಒಂದು ಸಣ್ಣ ಭಾಗ ಮಾತ್ರ. 2022ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕದ್ದೇ ಒಂದು ಕೇಸಲ್ಲಿ ಇದನ್ನ ಮತ್ತೆ ಬಿಡಿಸಿ ಹೇಳಿತು, "ಪ್ರೀತಿ ವಿಶ್ವಾಸದಿಂದ" ಅಂತ ಬರೆದು ಕುಟುಂಬದ ಆಸ್ತಿ ಕೊಟ್ರೆ ಅದು ಧರ್ಮಕಾರ್ಯ ಆಗಲ್ಲ ಅಂತ ದಾನಪತ್ರಾನೇ ಹೊಡೆದು ಹಾಕಿತು. ಪತ್ರ ಆಗಿದ್ದು 1980ರಲ್ಲಿ! ಅಷ್ಟು ವರ್ಷ ಆದ್ಮೇಲೆ. ಹಾಗಾಗಿ ತೋಟಾನ "ಎಲ್ಲಾ ದಾನಪತ್ರ" ಲಿಸ್ಟಿಂದ ತೆಗೀರಿ. ಅದಕ್ಕೆ ವಿಭಾಗಪತ್ರ, ಇಲ್ಲ ಅಂದ್ರೆ ಬೇಡ ಅನ್ನೋರು ರಿಲೀಸ್ ಡೀಡ್ (ಹಕ್ಕು ಬಿಟ್ಟುಕೊಡೋ ಪತ್ರ) ಕೊಡಲಿ.

ಅಡಿಕೆ_ಸಿಪ್ಪೆ
ಅಕ್ಕಂಗೆ ಮದುವೇಲಿ ಚಿನ್ನ, ಖರ್ಚು ಎಲ್ಲಾ ಕೊಟ್ಟಿರ್ತಾರಲ್ಲ ಸರ್. ಮತ್ತೆ ತೋಟದಲ್ಲೂ ಪಾಲು ಅಂದ್ರೆ? ಬುಡ ಬಿಡಿಸಿ ಗೊಬ್ಬರ ಹಾಕೋರು ಯಾರು, ಕಾಯಿ ತಗೊಂಡು ಹೋಗೋರು ಯಾರು?

ಬಸವನಗುಡಿ_ಕಾಫಿ
ಬಂತು ನೋಡಿ ಚಿನ್ನದ ಲೆಕ್ಕ 🙄 ಗಂಡುಮಕ್ಕಳ ಇಂಜಿನಿಯರಿಂಗ್ ಡೊನೇಷನ್ ಯಾರೂ ಪಾಲಲ್ಲಿ ಕಳೆಯಲ್ಲ, ಹೆಣ್ಣುಮಕ್ಕಳ ಓಲೆ ಜುಮುಕಿ ಮಾತ್ರ ಗ್ರಾಮ್ ಲೆಕ್ಕದಲ್ಲಿ ನೆನಪಿರುತ್ತೆ. ಸ್ವಾಮಿ, ಕರ್ನಾಟಕ 1994ರಲ್ಲೇ ಅವಾಗ ಮದುವೆ ಆಗದ ಹೆಣ್ಣುಮಕ್ಕಳಿಗೆ ಸಮಾನ ಪಾಲು ಅಂತ ತಿದ್ದುಪಡಿ ಮಾಡಿತ್ತು. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆ ಆಗಿರಲಿ ಬಿಡಲಿ. 2020ರಲ್ಲಿ ಸುಪ್ರೀಂ ಕೋರ್ಟ್ "2005ರಲ್ಲಿ ಅಪ್ಪ ಬದುಕಿರಬೇಕು ಅಂತೇನಿಲ್ಲ, ಹಕ್ಕು ಹುಟ್ಟಿನಿಂದ" ಅಂತ ಮುಗಿಸಿಬಿಟ್ಟಿತು. 20 ಡಿಸೆಂಬರ್ 2004ಕ್ಕೆ ಮುಂಚೆ ಸರಿಯಾಗಿ ಆಗಿಹೋದ ವಿಭಾಗ ಮಾತ್ರ ಮುಟ್ಟೋ ಹಾಗಿಲ್ಲ. ಕೊಡೋದು ಬಿಡೋದು ದೊಡ್ಡ ಮನಸ್ಸಿನ ವಿಷಯ ಅಲ್ಲ. ಅಕ್ಕಂಗೆ ಬೇಡ ಅಂದ್ರೆ ಅವರೇ ಬಿಟ್ಟುಕೊಡಲಿ, ಅದೂ ಊಟಕ್ಕೆ ಕರೆದು ಎಲೆ ಮುಂದೆ ಪೇಪರ್ ಇಟ್ಟು ಸಹಿ ಹಾಕಿಸ್ಕೊಳ್ಳೋದಲ್ಲ.

ಕುಡ್ಲದ_ಬೊಂಡ
ನಮ್ಮಲ್ಲಿ ಬಂದು ನೋಡಿ ಮಾರಾಯ್ರೆ 😄 ಅಳಿಯಸಂತಾನದವರಲ್ಲಿ ಕುಟುಂಬದ ಆಸ್ತಿ ತಾಯಿ ಕಡೆಯಿಂದಲೇ ಬರುದು, ಮಾವನಿಂದ ಅಳಿಯನಿಗೆ ಯಜಮಾನಿಕೆ, ಅಪ್ಪನ ತರವಾಡಲ್ಲಿ (ಮೂಲ ಕುಟುಂಬದಲ್ಲಿ) ಮಕ್ಕಳಿಗೆ ಎಂತ ಇಲ್ಲ. 1949ರದ್ದು ಒಂದು ಮದ್ರಾಸ್ ಕಾಯ್ದೆ ಉಂಟು, ಆಮೇಲೆ 1956ರದ್ದು ಬಂತು, ಈಗ ಅದೂ ಇದೂ ಸೇರಿ ವಕೀಲರಿಗೆ ಮಾತ್ರ ಅರ್ಥ ಆಗುದು. ನಮ್ಮ ಕುಟುಂಬದ ಮನೆಯಲ್ಲಿ ಈಗ ಕೋಲಕ್ಕೆ ನೂರಾರು ಜನ ಸೇರ್ತಾರೆ, ಮಾಡು ಸೋರಿದರೆ ರಿಪೇರಿ ಮಾಡ್ಲಿಕ್ಕೆ ಮಾತ್ರ ಜನ ಇಲ್ಲ.

ಸುಮ್ನೆ_ಓದೋನು
ತೆಂಗಿಂದ ಅಡಿಕೆಗೆ, ಅಡಿಕೆಯಿಂದ ಕೋಲಕ್ಕೆ. ಬೆಳೀಲಿ.

ಎಡಿಸನ್_ದೋಸೆ
ನಾನೂ ಜೆರ್ಸಿನೇ. ಓಪಿ (ಪ್ರಶ್ನೆ ಕೇಳಿದವರು), ನಿಮಗೆ ಇನ್ನೊಂದು ಗಂಟು ಇದೆ, ಯಾರೂ ಹೇಳಿಲ್ಲ. ಎನ್‌ಆರ್‌ಐಗೆ ಕೃಷಿ ಜಮೀನು ಕೊಳ್ಳೋಕೂ ಆಗಲ್ಲ, ದಾನವಾಗಿ ತಗೊಳ್ಳೋಕೂ ಆಗಲ್ಲ, ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ. ಅಪ್ಪ ಪ್ರೀತಿಯಿಂದ ಕೊಟ್ರೂ ಆಗಲ್ಲ. ಉತ್ತರಾಧಿಕಾರದಲ್ಲಿ ಬಂದ್ರೆ ಇಟ್ಕೋಬಹುದು, ವಿಲ್ ಮೂಲಕ ಬಂದ್ರೂ ಸರಿ. ಮನೆ, ಸೈಟು, ಫ್ಲ್ಯಾಟ್ ಆದ್ರೆ ದಾನವಾಗಿಯೂ ತಗೋಬಹುದು. ಮುಂದೆ ಮಾರಿ ದುಡ್ಡು ಇಲ್ಲಿಗೆ ತರಬೇಕು ಅಂದ್ರೆ ಎನ್‌ಆರ್‌ಓ ಖಾತೆಯಿಂದ (ಹೊರಗಿರೋರು ಊರಿನ ಆದಾಯಕ್ಕೆ ಇಡೋ ಬ್ಯಾಂಕ್ ಖಾತೆ) ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಗುಬ್ಬಿ ತೋಟಕ್ಕೆ ಸಾಕು ಅನ್ಸುತ್ತೆ 😂

ಅಮೆರಿಕ ಕಡೆಯಿಂದ: ಇಲ್ಲಿ ಗಿಫ್ಟ್ ಟ್ಯಾಕ್ಸ್ ಕೊಡೋರ ಮೇಲೆ, ತಗೊಳ್ಳೋರ ಮೇಲಲ್ಲ. ನಿಮ್ಮಪ್ಪ ಇಲ್ಲಿಯವರಲ್ಲ, ಆಸ್ತಿ ಇಲ್ಲಿಲ್ಲ, ಹಾಗಾಗಿ ಟ್ಯಾಕ್ಸ್ ಇಲ್ಲ. ಆದ್ರೆ ಹೊರದೇಶದವರಿಂದ ಒಂದು ವರ್ಷದಲ್ಲಿ 1 ಲಕ್ಷ ಡಾಲರ್ ದಾಟಿ ಗಿಫ್ಟೋ ವಿಲ್‌ನಿಂದಲೋ ಬಂದ್ರೆ ಫಾರ್ಮ್ 3520 ತುಂಬಿ ತಿಳಿಸ್ಲೇಬೇಕು. ಟ್ಯಾಕ್ಸ್ ಇಲ್ಲ ಅಂತ ಸುಮ್ನಿದ್ರೆ ದಂಡ 25 ಪರ್ಸೆಂಟ್ ತನಕ ಹೋಗುತ್ತೆ.

ಇದರ ಉಲ್ಟಾನೂ ಒಂದಿದೆ. ಇಲ್ಲಿಯ ನಾಗರಿಕರು, ಇಲ್ಲೇ ನೆಲೆ ನಿಂತವರಿಗೆ ಎಸ್ಟೇಟ್ ಟ್ಯಾಕ್ಸ್ (ತೀರಿಕೊಂಡವರ ಆಸ್ತಿ ಮೇಲಿನ ತೆರಿಗೆ) ವಿನಾಯಿತಿ ಕೋಟಿಗಟ್ಟಲೆ ಡಾಲರ್, 2026ಕ್ಕೆ ಒಂದೂವರೆ ಕೋಟಿ. ಆದ್ರೆ ಊರಲ್ಲಿ ಕೂತು ಆಪ್‌ನಲ್ಲಿ ಅಮೆರಿಕನ್ ಷೇರು ಕೊಳ್ಳೋ ಇಂಡಿಯಾದವರು ತೀರಿಕೊಂಡ್ರೆ ಅವರ ಇಲ್ಲಿಯ ಆಸ್ತಿಗೆ ವಿನಾಯಿತಿ ಬರೀ 60,000 ಡಾಲರ್. ಅಪ್ಪ ಅಮ್ಮನ ಹೆಸರಲ್ಲಿ ಷೇರು ಕೊಂಡಿಡೋರು ಇದನ್ನ ನೋಡ್ಕೊಳ್ಳಿ.

ಖಡಕ್_ರೊಟ್ಟಿ
ಅಲ್ರೀ, ನಮ್ಮ ದೇಶದಾಗ ಸತ್ತ ಮ್ಯಾಲಿನ ಟ್ಯಾಕ್ಸ್ ಐತೇನ್ರಿ? ವಾಟ್ಸಾಪ್‌ನಾಗ ಬರಾಕತ್ತೈತಿ.

ಲೆಕ್ಕದ_ಮೇಷ್ಟ್ರು
ಇಲ್ಲ. ಎಸ್ಟೇಟ್ ಡ್ಯೂಟಿ ಇತ್ತು, 1953ರದ್ದು, 1985ರಲ್ಲಿ ತೆಗೆದ್ರು. ಗಿಫ್ಟ್ ಟ್ಯಾಕ್ಸ್ ಕಾಯ್ದೆನೂ ಇತ್ತು, 1998ರಲ್ಲಿ ಅದೂ ಹೋಯ್ತು. ಈಗ ಇರೋದು ಇನ್‌ಕಮ್ ಟ್ಯಾಕ್ಸಲ್ಲಿ, ಅದೂ ತಗೊಂಡವರ ಕೈಲಿ. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಬಂದಿದ್ದೆಲ್ಲ ಸೇರಿ 50,000 ದಾಟಿದ್ರೆ ಪೂರ್ತಿ ಮೊತ್ತ ಆದಾಯ, ದಾಟಿದ ಭಾಗ ಮಾತ್ರ ಅಲ್ಲ. ಮದುವೆಗೆ ಬಂದ ಉಡುಗೊರೆಗೆ ಇಲ್ಲ (ನಾಮಕರಣ, ಗೃಹಪ್ರವೇಶಕ್ಕೆ ಆ ಭಾಗ್ಯ ಇಲ್ಲ). ವಿಲ್, ವಾರಸಿನಿಂದ ಬಂದದ್ದಕ್ಕೆ ಇಲ್ಲ.

ಸಂಬಂಧಿಕರು ಅಂದ್ರೆ ಯಾರು ಅನ್ನೋದ್ರಲ್ಲೇ ಮಜಾ ಇರೋದು. ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, ಅತ್ತೆ ಮಾವ, ಭಾವ ನಾದಿನಿ, ಚಿಕ್ಕಪ್ಪ ಸೋದರತ್ತೆ ಎಲ್ಲಾ ಬರ್ತಾರೆ. ದೊಡ್ಡಪ್ಪನ ಮಗ ಬರಲ್ಲ. ಚಿಕ್ಕಪ್ಪ ನಿಮಗೆ 5 ಲಕ್ಷ ಕೊಟ್ರೆ ಟ್ಯಾಕ್ಸ್ ಇಲ್ಲ, ನೀವು ಚಿಕ್ಕಪ್ಪಂಗೆ 5 ಲಕ್ಷ ಗಿಫ್ಟ್ ಕೊಟ್ರೆ ಅವರಿಗೆ ಟ್ಯಾಕ್ಸ್ ಇದೆ! ಯಾಕಂದ್ರೆ ಅವರ ಲೆಕ್ಕದಲ್ಲಿ ಅಣ್ಣನ ಮಗ ಪಟ್ಟಿಲಿಲ್ಲ. ಪ್ರತಿ ವರ್ಷ ಒಬ್ಬರಾದ್ರೂ ಇದರಲ್ಲಿ ಸಿಕ್ಕಿಹಾಕ್ಕೊಂಡು ನನ್ನ ಹತ್ರ ಬರ್ತಾರೆ.

ಓಪಿಗೆ ಇನ್ನೊಂದು. "ಸೊಸೆ ಹೆಸರಿಗೆ ಮಾಡೋಣ" ಅಂತ ಯಾರಾದ್ರೂ ಬುದ್ಧಿ ಹೇಳಿದ್ರೆ, ಆ ಮನೆಯ ಬಾಡಿಗೆ ಬಂದಷ್ಟೂ ಕಾಲ ನಿಮ್ಮಪ್ಪನ ಆದಾಯಕ್ಕೇ ಸೇರುತ್ತೆ. ಹೆಂಡತಿ ಹೆಸರಿಗೆ ಕೊಟ್ರೂ ಹಂಗೇ. ಮೇಜರ್ ಆದ ಮಗ ಮಗಳಿಗೆ ಕೊಟ್ರೆ ಆ ತೊಂದರೆ ಇಲ್ಲ. ಮುಂದೆ ಮಾರಿದಾಗ ಲಾಭದ ಲೆಕ್ಕಕ್ಕೆ ಅಪ್ಪ ಕೊಂಡ ಬೆಲೆನೇ ಹಿಡಿಯೋದು, ಹಾಗಾಗಿ ಅಪ್ಪನ ಕ್ರಯಪತ್ರ, ಮನೆ ಕಟ್ಟಿಸಿದ ಬಿಲ್ಲು ಇದ್ರೆ ಎಸೀಬೇಡಿ.

ಬೆಂಗ್ಳೂರ್_ಬಿಸಿ
ಟ್ರಸ್ಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಚಿಕ್ಕಪ್ಪ ಹೇಳಿದ್ದು ಸರಿನಾ ತಪ್ಪಾ?

ಕಪ್ಪು_ಕೋಟು
ಒಂದು ಮನೆ, 3 ಎಕರೆಗೆ ಟ್ರಸ್ಟ್ ಅಂದ್ರೆ ಗುಡ್ಡ ಅಗೆದು ಇಲಿ ಹಿಡಿದಂಗೆ. ಖಾಸಗಿ ಟ್ರಸ್ಟಲ್ಲಿ ಕೊಡೋರು ಒಬ್ಬರು, ನೋಡ್ಕೊಳ್ಳೋ ಟ್ರಸ್ಟಿ ಒಬ್ಬರು, ಉಣ್ಣೋರು ಇನ್ನೊಬ್ಬರು. ಆಸ್ತಿ ಟ್ರಸ್ಟಿ ಹೆಸರಿಗೆ ಹೋಗುತ್ತೆ, ಪ್ರಯೋಜನ ಮಾತ್ರ ಫಲಾನುಭವಿಗೆ. ಸ್ಥಿರಾಸ್ತಿ ಇದ್ರೆ ಪತ್ರ ನೋಂದಣಿ ಆಗ್ಬೇಕು, ಬೇರೆ ಪಾನ್, ಪ್ರತಿ ವರ್ಷ ರಿಟರ್ನ್ಸ್, ಲೆಕ್ಕಪತ್ರ. ಅಷ್ಟೆಲ್ಲಾ ಮಾಡೋಕೆ ಒಂದು ಕಾರಣ ಬೇಕಲ್ಲ.

ಮಳೆ_ಬಂತು_ಮಡಿಕೇರಿ
ಕಾರಣ ಇದ್ದವರ ಮನೆ ನಮ್ಮದು. ನನ್ನ ತಂಗಿಗೆ ಬುದ್ಧಿಮಾಂದ್ಯತೆ, 38 ವರ್ಷ, ಬಟ್ಟೆ ಹಾಕ್ಕೊಳ್ತಾಳೆ, ಟೀವಿ ರಿಮೋಟ್ ಯಾರಿಗೂ ಕೊಡಲ್ಲ, ಆದ್ರೆ ದುಡ್ಡಿನ ವ್ಯವಹಾರ ಅವಳಿಂದ ಆಗಲ್ಲ. ಅವಳ ಹೆಸರಿಗೆ ನೇರವಾಗಿ ಆಸ್ತಿ ಬರೆದ್ರೆ ನೋಡ್ಕೊಳ್ಳೋಕೆ ಬರೋರು ಜಾಸ್ತಿ ಆಗ್ತಾರೆ, ಅವಳನ್ನಲ್ಲ, ಆಸ್ತಿನ. ನನ್ನ ಹೆಸರಿಗೇ ಬರೆದು "ಅಣ್ಣ ನೋಡ್ಕೋತಾನೆ" ಅಂದ್ರೆ ನಾಳೆ ನಾನೇ ಇಲ್ಲದಿದ್ರೆ? ಅದಕ್ಕೆ ಅಪ್ಪ ವಿಲ್‌ನಲ್ಲೇ ಟ್ರಸ್ಟ್ ಬರೆದಿದ್ದಾರೆ. ಅವರ ನಂತರ ಲೈನ್‌ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಟ್ರಸ್ಟಿಗೆ, ಟ್ರಸ್ಟಿಗಳು ನಾನು ಮತ್ತು ದೊಡ್ಡಮ್ಮನ ಮಗಳು ಇಬ್ಬರೂ ಸೇರಿ ಸಹಿ ಹಾಕಿದ್ರೆ ಮಾತ್ರ ದುಡ್ಡು ಹೊರಗೆ. ಅವಳ ಔಷಧಿ, ಬಟ್ಟೆ, ವರ್ಷಕ್ಕೊಮ್ಮೆ ಅವಳಿಗಿಷ್ಟದ ಮೈಸೂರು ದಸರಾ, ಇದೂ ಬರೆದಿದೆ. ಗಾರ್ಡಿಯನ್‌ಶಿಪ್ ಬೇರೆ, ಅದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಕೆಳಗೆ, ಡಿಸಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಇಂಥ ಮನೆಗಳಿಗೆ ಟ್ರಸ್ಟ್ ಬೇಕೇ ಬೇಕು. ದೊಡ್ಡೋರ ಶೋಕಿ ಅಂತ ತಳ್ಳಿಹಾಕಬೇಡಿ.

ಲೆಕ್ಕದ_ಮೇಷ್ಟ್ರು
@ಮಳೆ_ಬಂತು_ಮಡಿಕೇರಿ ಒಳ್ಳೇ ಕೆಲಸ. ಬೇರೆಯವರಿಗೆ ಒಂದು ಮಾತು, ಟ್ರಸ್ಟಲ್ಲಿ ಯಾರಿಗೆಷ್ಟು ಅಂತ ಖಚಿತವಾಗಿ ಬರೆದಿದ್ರೆ ಅವರವರ ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್. "ಟ್ರಸ್ಟಿ ಇಷ್ಟದ ಪ್ರಕಾರ" ಅಂತ ಬಿಟ್ರೆ ಸಾಮಾನ್ಯವಾಗಿ ಗರಿಷ್ಠ ದರ. ಅವಲಂಬಿತರಿಗೋಸ್ಕರ ವಿಲ್‌ನಲ್ಲಿ ಮಾಡಿದ ಟ್ರಸ್ಟಿಗೆ ಸ್ವಲ್ಪ ರಿಯಾಯಿತಿ ಇದೆ, ಹಾಗಾಗಿ ನಿಮ್ಮಪ್ಪ ಮಾಡಿದ್ದು ಆ ಲೆಕ್ಕದಲ್ಲೂ ಸರಿ.

ಚಾಯ್_ಕಲಬುರಗಿ
ನಮ್ಮವರ ಪದ್ಧತಿನೂ ಹೇಳ್ತೀನಿ, ಗೊತ್ತಿರಲಿ. ಮುಸ್ಲಿಮರಲ್ಲಿ ಹಿಬಾ ಅಂತ. ಕೊಟ್ಟೆ ಅಂತ ಹೇಳಬೇಕು, ತಗೊಂಡೆ ಅಂತ ಒಪ್ಪಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಈ ಮೂರೂ ಆದ್ರೆ ಬಾಯಿ ಮಾತಲ್ಲೇ ಆಗ್ತದ. ಖಾತೆ ಮಾಡಸ್ಲಿಕ್ಕೆ ಆಫೀಸಿನವರು ಕಾಗದ ಕೇಳ್ತಾರ ಅಂತ ಈಗ ಎಲ್ಲರೂ ನೋಂದಣಿನೇ ಮಾಡಸ್ತಾರ. ವಸಿಯತ್ ಅಂದ್ರ ವಿಲ್, ಅದು ಮೂರನೇ ಒಂದು ಭಾಗಕ್ಕ ಮಾತ್ರ, ಅದಕ್ಕಿಂತ ಹೆಚ್ಚಿಗಿ ಬೇಕಂದ್ರ, ಇಲ್ಲಾ ವಾರಸುದಾರರಿಗೇ ಕೊಡಬೇಕಂದ್ರ, ಉಳಿದ ವಾರಸುದಾರರು ಒಪ್ಪಬೇಕು. ಒಬ್ಬ ಮಗಗೇ ಎಲ್ಲಾ ಬರೆದಿಟ್ಟು ಹೋಗೂದು ನಮ್ಮಲ್ಲಿ ನಡೆಯಲ್ಲ.

ಬಸವನಗುಡಿ_ಕಾಫಿ
ಇದು ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಸರಿ, ಎಫ್‌ಡಿ ಬಗ್ಗೆ ಯಾರೂ ಹೇಳಿಲ್ಲವಲ್ಲ. ಓಪಿ, ನಾಮಿನಿ ಯಾರು?

ತುಮಕೂರ್_ಎಕ್ಸ್‌ಪ್ರೆಸ್
ಎಲ್ಲದಕ್ಕೂ ಅಣ್ಣನೇ. ಹಾಗಾಗಿ ಎಫ್‌ಡಿ ಅವನದ್ದೇ ಅಂತ ಅಂದ್ಕೊಂಡು ಲೆಕ್ಕದಿಂದ ಬಿಟ್ಟಿದ್ದೆ.

ಬಸವನಗುಡಿ_ಕಾಫಿ
ನಾಮಿನಿ ಮಾಲೀಕ ಅಲ್ಲ! ಬ್ಯಾಂಕ್ ಅವರ ಕೈಗೆ ದುಡ್ಡು ಕೊಡುತ್ತೆ, ಅಷ್ಟೇ. ವಿಲ್ ಇದ್ರೆ ವಿಲ್ ಪ್ರಕಾರ, ಇಲ್ಲದಿದ್ರೆ ವಾರಸುದಾರರಿಗೆಲ್ಲ ಸೇರಿದ್ದು. ಷೇರಿಗೂ ಹಂಗೇ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಲೈಫ್ ಇನ್ಶೂರೆನ್ಸ್ ಸ್ವಲ್ಪ ಬೇರೆ, 2015ರ ತಿದ್ದುಪಡಿ ಆದ್ಮೇಲೆ ಅಪ್ಪ ಅಮ್ಮ, ಗಂಡ ಹೆಂಡತಿ, ಮಕ್ಕಳನ್ನ ನಾಮಿನಿ ಮಾಡಿದ್ರೆ ದುಡ್ಡು ಅವರದ್ದೇ. ಈಗ 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪರ್ಸೆಂಟ್ ಅಂತ ಬರೆದು. ವಿಲ್‌ನಲ್ಲಿ ಒಂದು, ನಾಮಿನೇಷನ್‌ನಲ್ಲಿ ಇನ್ನೊಂದು ಬರೆಸಬೇಡಿ.

ಪತ್ರ_ಬರಹಗಾರ
ಮೂವತ್ತು ವರ್ಷದ ಮೇಲಾಯ್ತು ಉಪನೋಂದಣಿ ಕಚೇರಿ ಎದುರು ಕೂತು ಪತ್ರ ಬರೀತಾ. ವಕೀಲರು ಕಾನೂನು ಹೇಳಿದ್ರು, ನಾನು ಕಟ್ಟೆ ಮೇಲಿಂದ ಕಂಡಿದ್ದು ಹೇಳ್ತೀನಿ.

ಒಂದ್ಸಲ ಮೂವರು ಗಂಡುಮಕ್ಕಳು ಆಟೋದಲ್ಲಿ ಒಬ್ಬ ಅಜ್ಜಿನ ಕರ್ಕೊಂಡು ಬಂದ್ರು, ದಾನಪತ್ರ ರೆಡಿ, ಫೋಟೋ ಆಯ್ತು, ಹೆಬ್ಬೆಟ್ಟಿನ ಮಷೀನಲ್ಲಿ ರೇಖೆ ಬರ್ತಿಲ್ಲ, ಸವೆದುಹೋಗಿದೆ, ಒದ್ದೆ ಬಟ್ಟೆಲಿ ಒರೆಸಿ ಒರೆಸಿ ಒತ್ತಿಸ್ತಿದ್ದಾರೆ. ಅಷ್ಟರಲ್ಲಿ ಸಬ್ ರಿಜಿಸ್ಟ್ರಾರು ಮಕ್ಕಳನ್ನ ಆಚೆ ನಿಲ್ಲಿಸಿ "ಅಜ್ಜಿ, ಯಾತಕ್ಕೆ ಬಂದಿದೀರಾ?" ಅಂದ್ರು. "ಪೆನ್ಷನ್ ಹೆಚ್ಚು ಮಾಡ್ತಾರಂತಲ್ಲ ಸ್ವಾಮಿ, ಅದಕ್ಕೆ." ಪತ್ರ ವಾಪಸ್. ಎಲ್ಲರೂ ಹೀಗೆ ಕೇಳ್ತಾರೆ ಅಂತಿಲ್ಲ, ಕ್ಯೂ ಉದ್ದ ಇದ್ರೆ ಫೋಟೋ, ಬೆರಳು, ನೆಕ್ಸ್ಟ್.

ಅಡಿಕೆ ಸಿಪ್ಪೆಯವರು ದಾನಪತ್ರ ಗಟ್ಟಿ ಅಂದ್ರಲ್ಲ, ಗಟ್ಟಿನೇ, ಅದೇ ಭಯ. ಮಾಡೋದೇ ಆದ್ರೆ ಎರಡು ಸಾಲು ಸೇರಿಸಿ. ಒಂದು, ದಾನ ಕೊಟ್ಟವರು ಬದುಕಿರೋ ತನಕ ಆ ಮನೇಲಿ ವಾಸ ಮಾಡೋ ಹಕ್ಕು, ಬಾಡಿಗೆ ತಗೊಳ್ಳೋ ಹಕ್ಕು ಅವರದ್ದೇ. ಹಂಗೆ ಹಕ್ಕು ಉಳಿಸ್ಕೊಂಡು ಕೊಟ್ರೂ ದಾನ ಸಿಂಧುವೇ. ಎರಡು, ತಗೊಂಡವರು ಊಟ, ವಸತಿ, ಔಷಧಿ ನೋಡ್ಕೋಬೇಕು, ನೋಡದಿದ್ರೆ ದಾನ ರದ್ದು. ಈ ಸಾಲು ಬರೆಸಿ ಅಂದ್ರೆ ಮುಖ ಗಂಟಿಕ್ಕೋ ಮಕ್ಕಳಿಗೆ ಪತ್ರ ಮಾಡಿಸಬೇಡಿ ಅಂತ ನಾನೇ ಹೇಳ್ತೀನಿ, ನನ್ನ ಫೀಸ್ ಹೋದ್ರೂ ಪರವಾಗಿಲ್ಲ.

ಕಪ್ಪು_ಕೋಟು
ಯಜಮಾನ್ರು ಹೇಳಿದ್ದು ಲಾಖ್ ರೂಪಾಯಿ ಮಾತು. ಅದರ ಹಿಂದಿರೋದು 2007ರ ಹಿರಿಯ ನಾಗರಿಕರ ಕಾಯ್ದೆ, 23ನೇ ಕಲಂ. 60 ದಾಟಿದವರು ನೋಡ್ಕೊಳ್ಳೋ ಷರತ್ತಿನ ಮೇಲೆ ಕೊಟ್ಟು, ಮಕ್ಕಳು ನೋಡದಿದ್ರೆ ಆ ವರ್ಗಾವಣೆನ ರದ್ದು ಮಾಡಿಸಬಹುದು. ಸಿವಿಲ್ ಕೋರ್ಟಿಗೆ ಅಲೀಬೇಕಿಲ್ಲ, ಎಸಿ (ಉಪವಿಭಾಗಾಧಿಕಾರಿ) ಹತ್ರ ಅರ್ಜಿ. 2022ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇತ್ತು ಅಂತ ತೋರಿಸಬೇಕು, ಬರೀ ದಾನ ಆದ್ರೆ ಸಾಲದು ಅಂದಿತ್ತು. 2025ರ ಜನವರಿಯಲ್ಲಿ ಇನ್ನೊಂದು ಪೀಠ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಲ್ಲಿ ಕಾಯ್ದೆನ ಉದಾರವಾಗಿ ಓದಬೇಕು ಅಂತ ಹೇಳಿ ಆಸ್ತಿ ವಾಪಸ್ ಕೊಡಿಸಿತು, ಅಲ್ಲೂ ಮಗ ಬರೆದುಕೊಟ್ಟ ಒಂದು ವಚನಪತ್ರ ಇತ್ತು ಅನ್ನೋದು ಗಮನಿಸಿ.

@ಖಡಕ್_ರೊಟ್ಟಿ ನಿಮ್ಮ ಮಾವನವರ ಪತ್ರದಲ್ಲಿ ಏನು ಬರೆದಿದೆ ಅಂತ ಒಮ್ಮೆ ಓದಿಸಿ. ಷರತ್ತಿದ್ರೆ ಇನ್ನೂ ದಾರಿ ಇದೆ.

ಖಡಕ್_ರೊಟ್ಟಿ
ಹೌದೇನ್ರಿ ಸರ್? ನಾಳೆನ ನಕಲು ತಗಸ್ತೀನ್ರಿ.

ಅಡಿಕೆ_ಸಿಪ್ಪೆ
ಆಯ್ತಪ್ಪ, ಷರತ್ತಿನ ದಾನಕ್ಕೆ ನಾನೂ ಒಪ್ದೆ. ಆದ್ರೆ ವಿಲ್ ಬಗ್ಗೆ ನನ್ನ ಮಾತು ಹಂಗೇ ಇದೆ. ನಕಲಿ ವಿಲ್ ಎಷ್ಟು ನೋಡಿಲ್ಲ.

ಪತ್ರ_ಬರಹಗಾರ
ಅದಕ್ಕೇ ನೋಂದಣಿ ಮಾಡಿಸಿ ಅನ್ನೋದು. ನೋಂದಣಿ ಮಾಡಿದ ವಿಲ್ ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಕಾಣಲ್ಲ, ಬರೆದವರು ಇರೋ ತನಕ ಬೇರೆಯವರಿಗೆ ನಕಲೂ ಕೊಡಲ್ಲ. ಹಾಗಾಗಿ "ಯಾರಿಗೆ ಏನು ಬರೆದ್ರೋ ಗೊತ್ತಾಗಿಬಿಡುತ್ತೆ" ಅನ್ನೋ ಭಯ ಬೇಡ.

ಬೆಂಗ್ಳೂರ್_ಬಿಸಿ
ನೋಂದಣಿ ಅಂತೀರಾ, ನಮ್ಮ ಕಡೆ ಮೊದ್ಲು ಇ-ಖಾತಾ ಆಗ್ಬೇಕಲ್ಲ ಸ್ವಾಮಿ. ಅಜ್ಜನ ಹೆಸರಲ್ಲಿ ಒಂದು ಅಕ್ಷರ ತಪ್ಪಿದೆ, ಅದಕ್ಕೆ ಅಫಿಡವಿಟ್, ಅದಕ್ಕೆ ಆಧಾರ್, ಆಧಾರಲ್ಲಿ ಇನ್ಷಿಯಲ್ ಹಿಂದೆ ಮುಂದೆ, ಸರ್ವರ್ ಡೌನ್. ದಾನ ಕೊಡೋಕೆ ಮನಸ್ಸಿದ್ರೂ ಸರ್ವರ್‌ಗೆ ಮನಸ್ಸಿಲ್ಲ.

ಕುಡ್ಲದ_ಬೊಂಡ
😂😂 ಇದಕ್ಕೆ ಬೇರೆ ಥ್ರೆಡ್ ಮಾಡಿ, ನಾನು ಮೊದಲು ಬರ್ತೇನೆ.

ತುಮಕೂರ್_ಎಕ್ಸ್‌ಪ್ರೆಸ್
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ವಿಡಿಯೋ ಕಾಲಲ್ಲಿ ನಾಲ್ಕೂ ಜನ ಕೂತ್ವಿ. ಇಲ್ಲಿ ಬರೆದಿದ್ದನ್ನೆಲ್ಲ ಓದಿ ಹೇಳಿದೆ. ಅಪ್ಪಂಗೆ ತೋಟದ್ದು ಕೇಳಿ ಸ್ವಲ್ಪ ಬೇಜಾರಾಯ್ತು, "ನನ್ನ ತೋಟದಲ್ಲಿ ನಂಗೆ ಕಾಲು ಭಾಗಾನಾ" ಅಂದ್ರು. ಅಕ್ಕ ಅಲ್ಲೇ "ನನ್ನ ಪಾಲು ಅಪ್ಪ ಇರೋ ತನಕ ಅಪ್ಪಂದೇ, ಆದ್ರೆ ಈಗ ರಿಲೀಸ್ ಮಾತ್ರ ಕೊಡಲ್ಲ" ಅಂತ ಹೇಳಿಬಿಟ್ಳು, ಸರಿಯಾಗೇ ಹೇಳಿದ್ಳು ಅನ್ಸುತ್ತೆ. ಸದ್ಯಕ್ಕೆ ತೋಟ ಹಂಗೇ ಇರಲಿ, ಅಪ್ಪನ ಪಾಲು, ಮನೆ, ಎಫ್‌ಡಿ ಸೇರಿಸಿ ವಿಲ್, ಮನೆ ಅಣ್ಣಂಗೆ, ಎಫ್‌ಡಿ ಮೂರೂ ಜನಕ್ಕೆ. ಅಣ್ಣ ಒಪ್ಪಿದಾನೆ, ಪೂರ್ತಿ ಖುಷಿಯಿಂದ ಅಂತ ಹೇಳಲಾರೆ. ಟ್ರಸ್ಟ್ ಬೇಡ ಅಂದಿದ್ದಕ್ಕೆ ಚಿಕ್ಕಪ್ಪ ಗ್ರೂಪ್ ಬಿಟ್ಟು ಹೋಗಿದಾರೆ. ಸಾಕ್ಷಿಗೆ ಅಪ್ಪನ ವಾಕಿಂಗ್ ಫ್ರೆಂಡ್ಸ್ ಇಬ್ಬರು ಬರ್ತಾರಂತೆ.

ಪತ್ರ_ಬರಹಗಾರ
ವಾಕಿಂಗ್ ಫ್ರೆಂಡ್ಸ್ ಅಂದ್ರೆ ಅವರಿಗೂ 74ರ ಆಸುಪಾಸು ತಾನೇ? ಬೇಡ. ನಾಳೆ ವಿಲ್ ತಕರಾರಾದ್ರೆ ಸಾಕ್ಷಿಯಲ್ಲಿ ಒಬ್ಬರಾದ್ರೂ ಕೋರ್ಟಿಗೆ ಬಂದು "ನನ್ನ ಮುಂದೆ ಸಹಿ ಹಾಕಿದ್ರು" ಅಂತ ಹೇಳಬೇಕು. ನಲವತ್ತರ ಒಳಗಿನ, ಊರಲ್ಲೇ ಇರೋ, ವಿಲ್‌ನಿಂದ ಏನೂ ಸಿಗದ ಇಬ್ಬರನ್ನ ನೋಡಿ. ಅಣ್ಣ ಅತ್ತಿಗೆ ಸಾಕ್ಷಿ ಹಾಕೋದು ಬೇಡ, ಅವತ್ತು ಕಚೇರಿ ಒಳಗೂ ಬರೋದು ಬೇಡ. ಪತ್ರ ಬರೆದವನ ಸಹಿನೂ ಸಾಕ್ಷಿ ಲೆಕ್ಕಕ್ಕೆ ಹಿಡೀಬೇಡಿ, ಅದು ಬೇರೆ. ಹಾಗೇ ಅಪ್ಪಂಗೆ ಶುಗರ್ ಅಂದ್ರಲ್ಲ, ಅವತ್ತೇ ಬೆಳಿಗ್ಗೆ ಅವರ ಡಾಕ್ಟ್ರ ಹತ್ರ "ಬುದ್ಧಿ ಸ್ವಾಧೀನದಲ್ಲಿದೆ" ಅಂತ ಒಂದು ಸರ್ಟಿಫಿಕೇಟ್ ಬರೆಸ್ಕೊಂಡು ವಿಲ್ ಜೊತೆ ಇಡಿ. ಆಧಾರ್ ಒರಿಜಿನಲ್ ಮರೀಬೇಡಿ.